ಸಾವಿರ ವರ್ಷದ ಡಿಸ್ಕಿನ ಆಸೆ

ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರದ ಕಡೆ 1990ರ ದಶಕದಲ್ಲೋ ಅದರಾಚೆ ಈಚೆಯೋ ಮದುವೆ, ಗೃಹಪ್ರವೇಶ ನಡೆಸಿದ ಮನೆಗಳಲ್ಲಿ ಬೀರುವಿನ ಮೇಲೆ ಒಂದು ಚೀಲ ಇರುವುದು ಸಾಮಾನ್ಯ. ಅದರೊಳಗೆ ವಿಎಚ್‌ಎಸ್ ಕ್ಯಾಸೆಟ್ಟುಗಳು, ಹ್ಯಾಂಡಿಕ್ಯಾಮಿನ ಮಿನಿ ಡಿವಿ ಟೇಪುಗಳು, ವಧೂವರರ ಫೋಟೊ ಅಂಟಿಸಿ ಸ್ಟುಡಿಯೋದವರು ಕೊಟ್ಟ ಡಿವಿಡಿಗಳು. ಬೆಂಗಳೂರಿನ ಮಳೆಗಾಲದ ತೇವಕ್ಕೆ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ. ಓದುವ ಯಂತ್ರಗಳ ಪಾಡೂ ಅಷ್ಟೇ: ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು, 2025ರ ಫೆಬ್ರುವರಿಯಲ್ಲಿ ಸೋನಿ ಮಿನಿ ಡಿವಿ ಟೇಪನ್ನೂ ಬ್ಲೂ-ರೇ ಖಾಲಿ ಡಿಸ್ಕನ್ನೂ ಕೈಬಿಟ್ಟಿತು. ಹಾಗಾಗಿ ಇದನ್ನೆಲ್ಲ ಡಿಸ್ಕಿಗೆ ಇಳಿಸಲು ಯಾವ ಬರ್ನರ್ ಕೊಳ್ಳಬೇಕು ಎಂಬ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ಅದು ಐದು ನಿಮಿಷದ ಮಾತು. ಆದರೆ ಅದರ ಹಿಂದೆಯೇ ಐದು ನಿಮಿಷಕ್ಕೆ ಮುಗಿಯದ ಇನ್ನೊಂದು ಪ್ರಶ್ನೆ ನಿಂತಿದೆ: ತೀರಿಕೊಂಡವರ ಮುಖ, ನಗು, ದನಿಯನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ಕರ್ತವ್ಯವೋ, ಬರೀ ಮೋಹವೋ? ಎರಡೂ ಆಗಬಹುದು ಎಂದು ನನಗನಿಸುತ್ತದೆ. ಯಾವುದಾಗುತ್ತದೆ ಎಂಬುದು ಯಂತ್ರ ಕೊಳ್ಳುವಾಗ ನಾವು ಅದರಿಂದ ಏನು ಬಯಸುತ್ತೇವೆ ಎನ್ನುವುದರಲ್ಲೇ ಗೊತ್ತಾಗುತ್ತದೆ. ಒಮ್ಮೆ ಬರೆದಿಟ್ಟು ಕೈತೊಳೆದುಕೊಳ್ಳಬೇಕು, ಆಮೇಲೆ ವಸ್ತುವೇ ನಮ್ಮ ಪರವಾಗಿ ನೆನಪಿಟ್ಟುಕೊಳ್ಳಲಿ ಎಂದರೆ ಅದು ಮೋಹ. ಮತ್ತೆ ಮತ್ತೆ ಬರೆಯಬೇಕಾಗುತ್ತದೆ ಎಂದು ಒಪ್ಪಿ ಶುರುಮಾಡಿದರೆ ಅದು ಋಣ ತೀರಿಸುವ ಒಂದು ಬಗೆ.

ವಸ್ತುವಿನ ಮೇಲೆ ಎಷ್ಟು ಭಾರ ಹೊರಿಸಬಹುದು ಎಂಬುದನ್ನು ಮೊದಲು ನೋಡೋಣ. ಡಿವಿಡಿ ಎಂದರೆ ತಲಾ 0.6 ಮಿಲಿಮೀಟರಿನ ಎರಡು ಪಾಲಿಕಾರ್ಬೊನೇಟ್ ಬಿಲ್ಲೆಗಳನ್ನು ಅಂಟಿಸಿದ ತಟ್ಟೆ. ಬರೆಯುವ ಬಗೆಯದ್ದರಲ್ಲಿ ನಡುವೆ ಸಾವಯವ ಬಣ್ಣದ ತೆಳು ಪದರ, ಅದರ ಬೆನ್ನಿಗೆ ಲೋಹದ ಕನ್ನಡಿ. 650 ನ್ಯಾನೊಮೀಟರಿನ ಕೆಂಪು ಲೇಸರ್ ಆ ಬಣ್ಣವನ್ನು ಚುಕ್ಕೆಚುಕ್ಕೆಯಾಗಿ ಸುಡುತ್ತದೆ. ಬರೆದ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನೇರಳೆ ಮೈಯಲ್ಲಿ ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ನಡುವೆ ಒಂದು ವೃತ್ತದ ಗಡಿ ಕಾಣುತ್ತದೆ; ಮುಹೂರ್ತದಿಂದ ಹೆಣ್ಣೊಪ್ಪಿಸುವವರೆಗಿನ ಇಡೀ ಮದುವೆ ಆ ಗಡಿಯ ಒಳಗಿದೆ. ಈ ಬಣ್ಣ ಬಿಸಿಲಿಗೆ, ಶಾಖಕ್ಕೆ, ತೇವಕ್ಕೆ ಮಾಸುತ್ತದೆ. ಅಂಚಿನ ಅಂಟು ಬಿಟ್ಟರೆ ಗಾಳಿ ಒಳಹೊಕ್ಕು ಕನ್ನಡಿಯೇ ಕೊಳೆಯುತ್ತದೆ. ಇದಕ್ಕೆ ಉತ್ತರವೆಂದು ಬಂದದ್ದು ಎಂ-ಡಿಸ್ಕ್: ಬಣ್ಣದ ಬದಲು ಕಲ್ಲಿನಂಥ ನಿರವಯವ ಪದರ, ಅದನ್ನು ಕೊರೆಯಲು ಹೆಚ್ಚು ಶಕ್ತಿಯ ಲೇಸರ್ ಇರುವ ಬರ್ನರ್, ಜೊತೆಗೆ ಸಾವಿರ ವರ್ಷದ ಭರವಸೆ. ಆ ಭರವಸೆ ಕೊಟ್ಟ ಅಮೆರಿಕದ ಮಿಲೆನಿಯಾಟ ಕಂಪನಿ 2016ರಲ್ಲಿ ದಿವಾಳಿಯಾಯಿತು. ಇದರಿಂದ ಡಿಸ್ಕು ಕೆಟ್ಟದ್ದೆಂದು ಹೇಳಲಾಗದು. ಪದರ ನಿಜಕ್ಕೂ ಗಟ್ಟಿಯೇ. ಆದರೆ ಇನ್ನೂರು ವರ್ಷದ ಮೇಲೆ ಅದನ್ನು ತಿರುಗಿಸುವ ಡ್ರೈವ್ ಯಾರ ಮನೆಯಲ್ಲಿರುತ್ತದೆ ಎಂಬ ಪ್ರಶ್ನೆಗೆ ಪದರದ ಗಟ್ಟಿತನ ಉತ್ತರ ಕೊಡುವುದಿಲ್ಲ.

ಕನ್ನಡದಲ್ಲಿ ಈ ಚಿಂತೆಗೆ ಹಳೆಯ ಮೇಲ್ಪಂಕ್ತಿ ಇದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಉಳಿಸಲು ಸಾವಿರ ಪ್ರತಿ ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ದಾನಚಿಂತಾಮಣಿಯೆಂದು ಹೆಸರಾದ ಅವಳ ಬಳಿ ಹಣಕ್ಕೆ ಬರವಿರಲಿಲ್ಲ. ಒಂದೇ ಪ್ರತಿಯನ್ನು ತಾಮ್ರದಲ್ಲಿ ಕೊರೆಸಿ ನೆಲಮಾಳಿಗೆಯಲ್ಲಿ ಭದ್ರಪಡಿಸಬಹುದಿತ್ತು. ಬದಲಿಗೆ ಹುಳು ತಿನ್ನುವ ಓಲೆಗರಿಯನ್ನೇ ನಂಬಿದಳು, ಏಕೆಂದರೆ ಅವಳು ನಂಬಿದ್ದು ಗರಿಯನ್ನಲ್ಲ, ಅದನ್ನು ಪಡೆದು ಓದಿ ಮತ್ತೆ ಬರೆಸುವ ಜನರನ್ನು. ಜೈನರಲ್ಲಿ ಶಾಸ್ತ್ರದಾನ ಪುಣ್ಯಕಾರ್ಯ; ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಪೂಜಿಸುವ ವಾಡಿಕೆ ಇದೆ. ಪೂಜೆಯ ನೆಪದಲ್ಲಿ ವರ್ಷಕ್ಕೊಮ್ಮೆಯಾದರೂ ಕಟ್ಟು ಬಿಚ್ಚಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು. ಎಷ್ಟು ಡಿವಿಡಿಗಳು ಬರೆದ ದಿನದಿಂದ ಒಮ್ಮೆಯೂ ಡಬ್ಬಿಯಿಂದ ಹೊರಬಂದಿಲ್ಲ!

ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಅದೇ ಪರಂಪರೆಯಲ್ಲಿದೆ. ಜೈನರ ಷಟ್ಖಂಡಾಗಮ ಗ್ರಂಥದ ಮೇಲಿನ ಧವಲಾ ಟೀಕೆಯ ಓಲೆಗರಿಗಳು, ಪ್ರಾಕೃತ ಮಾತು ಹಳಗನ್ನಡ ಲಿಪಿಯಲ್ಲಿ, ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಇದ್ದವು. ಯಾತ್ರಿಕರು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಇಲ್ಲವೆನ್ನುವಷ್ಟು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಶುರುವಾದಾಗಲೂ ಪ್ರತಿ ಊರಾಚೆ ಹೋಗಬಾರದೆಂಬ ಕಟ್ಟುಪಾಡಿತ್ತು; ನಕಲು ಮಾಡುತ್ತಿದ್ದವರೇ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡದ್ದರಿಂದ ಗ್ರಂಥ ಉತ್ತರಕ್ಕೆ ಹೋಯಿತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಗುಟ್ಟಿನ ನಕಲನ್ನು ಕಳ್ಳತನವೆಂದು ಬೈದವರಿದ್ದರೆ ಆಶ್ಚರ್ಯವಿಲ್ಲ. ಆದರೂ ಆ ಗರಿಗಳನ್ನು ಕಾಪಾಡಿದ ಬಸದಿಯ ಶ್ರದ್ಧೆ ದೊಡ್ಡದೋ ಕದ್ದು ಬರೆದ ಲೇಖನಿ ದೊಡ್ಡದೋ ಎಂದರೆ ನಾನು ಲೇಖನಿಯ ಕಡೆ. ಶ್ರದ್ಧೆ ವಸ್ತುವನ್ನು ಉಳಿಸಿತು. ಅದರೊಳಗಿನ ಮಾತು ಲೋಕಕ್ಕೆ ಸಿಕ್ಕಿದ್ದು ನಕಲಿನಿಂದ.

ಇಲ್ಲಿ ಹೆಬ್ಬಾಳವೇ ಎದ್ದು ಆಕ್ಷೇಪಿಸಬಹುದು. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ರಟ್ಟವಾಡಿ ಎಂಬವರ ವಿರುದ್ಧದ ಕಾಳಗದಲ್ಲಿ ಮಡಿದ ಕಿತ್ತಯ್ಯನ ಹೆಸರು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಕಲ್ಲಿನಲ್ಲೇ ಉಳಿಯಿತು. ಹಾಗಾದರೆ ಗಟ್ಟಿ ವಸ್ತುವೇ ಗೆದ್ದಿತಲ್ಲ? ಆಕ್ಷೇಪ ಬಲವಾದದ್ದು, ಆದರೆ ಅರ್ಧ ಸತ್ಯ. ಮೊದಲನೆಯದಾಗಿ, ಉಳಿದ ಕಲ್ಲನ್ನು ನೋಡಿ ಕಲ್ಲು ಉಳಿಯುತ್ತದೆ ಎನ್ನುವುದು ಸರಿಯಲ್ಲ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ದಾಖಲಾದ ಎಷ್ಟೋ ಶಾಸನಗಳ ಕಲ್ಲುಗಳು ಇಂದಿಲ್ಲ. ರಸ್ತೆ, ಲೇಔಟು, ಪಾಯಗಳು ಅವನ್ನು ನುಂಗಿವೆ. ಅವುಗಳ ಮಾತು ಉಳಿದಿರುವುದು ಕಾಗದದ ಪ್ರತಿಯಲ್ಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಉಳಿದ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಇದೇ ಅನುಭವದಿಂದ. ಎರಡನೆಯದು, ಕಲ್ಲು ಕಿತ್ತಯ್ಯನ ಹೆಸರನ್ನು ಉಳಿಸಿತಾದರೂ ಮನುಷ್ಯರ ನೆನಪಿನಲ್ಲಿ ಆ ಹೆಸರು ಯಾವತ್ತೋ ಸತ್ತಿತ್ತು. ಅದನ್ನು ಮತ್ತೆ ಓದಲು ಸಾಧ್ಯವಾದದ್ದು ಹಳಗನ್ನಡ ಲಿಪಿಯನ್ನು ಗುರುವಿನಿಂದ ಶಿಷ್ಯನಿಗೆ ಕಲಿಸುತ್ತ ಬಂದವರಿಂದ. ಆ ಸರಪಳಿ ತುಂಡಾಗಿದ್ದರೆ ಆ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತಿತ್ತು.

ವೈರಾಗ್ಯದ ಕಡೆಯಿಂದ ಬರುವ ಆಕ್ಷೇಪ ಇನ್ನೂ ಕಠಿಣವಾದದ್ದು. ಎಲ್ಲವೂ ಕ್ಷಣಿಕ ಎಂದ ಮೇಲೆ ಟೇಪು ಬೂಷ್ಟು ಹಿಡಿದರೆ ಹಿಡಿಯಲಿ, ಅಜ್ಜಿಯ ಕೆಮ್ಮು ನಗುಗಳನ್ನು ಡಿಸ್ಕಿನಲ್ಲಿ ಸಿಕ್ಕಿಸಿಡುವುದೇ ಅಜ್ಞಾನ ಎಂದು ಬೌದ್ಧನೂ ಹೇಳಬಹುದು, ವೇದಾಂತಿಯೂ ಹೇಳಬಹುದು. ಇದಕ್ಕೆ ತತ್ತ್ವದಿಂದಲೇ ಉತ್ತರ ಕೊಡುವ ಬದಲು ಆಚರಣೆಯನ್ನು ನೋಡುವುದು ಮೇಲು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಮಾರಿಗೆ ಹೆಸರು ಹೇಳಿ ಪಿಂಡವಿಡುತ್ತಾರೆ, ವಸು, ರುದ್ರ, ಆದಿತ್ಯ ರೂಪದಲ್ಲಿ. ಅದರಾಚೆಯವರು ಹೆಸರು ಕಳೆದುಕೊಂಡು ಪಿತೃಗಳ ಸಮೂಹದಲ್ಲಿ ಸೇರುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆಯಿಡುವ ಮನೆಗಳಲ್ಲೂ ಹೆಸರು ಹಿಡಿದು ಕರೆಯುವುದು ನೆನಪಿನಲ್ಲಿರುವವರನ್ನೇ. ಈ ಏರ್ಪಾಡಿನಲ್ಲಿ ಎರಡು ಮಾತು ಅಡಗಿವೆ. ಒಮ್ಮೆ ಮಾಡಿದರೆ ಸಾಕು ಎನ್ನುವಂಥದ್ದಲ್ಲ ಈ ವಾರ್ಷಿಕ ಶ್ರಾದ್ಧ. ಪ್ರತಿ ವರ್ಷ ಆ ತಿಥಿಗೆ ಬದುಕಿರುವವನು ಎದ್ದು ಸ್ನಾನ ಮಾಡಿ ಕೂರಬೇಕು. ಹಾಗೆಯೇ, ಯಾರನ್ನೂ ಅನಂತಕಾಲ ಹೆಸರಿಟ್ಟು ಹಿಡಿದುಕೊಳ್ಳಬೇಕಾಗಿಲ್ಲ. ಮರೆವಿಗೂ ಒಂದು ಮರ್ಯಾದೆಯ ಜಾಗವಿದೆ. ವೈರಾಗ್ಯದ ಸತ್ಯವನ್ನು ಗೃಹಸ್ಥಧರ್ಮ ಒಪ್ಪಿಕೊಂಡ ರೀತಿ ಇದು. ಎಂ-ಡಿಸ್ಕಿನ ಸಾವಿರ ವರ್ಷ ಎಂದರೆ ಸುಮಾರು ನಲವತ್ತು ತಲೆಮಾರು. ಯಾವ ಶಾಸ್ತ್ರವೂ ಮಗನಿಂದ ಅಷ್ಟು ಕೇಳಿಲ್ಲ.

ಇಷ್ಟು ಒಪ್ಪಿದರೆ ಯಂತ್ರದ ಆಯ್ಕೆ ತಾನಾಗಿ ಸಲೀಸಾಗುತ್ತದೆ. ಬರ್ನರ್ ಎಂದರೆ ನಕಲು ಮಾಡುವ ಲಿಪಿಕಾರ; ಅವನಿಗೆ ಬೇಕಾದದ್ದು ಪ್ರಾಮಾಣಿಕತೆ. ಹಳೆಯ ಓಲೆಗರಿಯ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬಿನ್ನವಿಸುವ ಪದ್ಧತಿಯಿತ್ತು. ಬರ್ನರಿನಲ್ಲಿ ಆ ಸ್ಥಾನ ವೆರಿಫೈ ಎಂಬ ಆಯ್ಕೆಯದು. ಬರೆದದ್ದನ್ನು ಮೂಲದ ಜೊತೆ ಹೋಲಿಸಿ ನೋಡುವ ಆ ಕೆಲಸಕ್ಕೆ ಹೆಚ್ಚುವರಿ ಸಮಯ ಹಿಡಿಯುತ್ತದೆಂದು ಹಲವರು ಬಿಟ್ಟುಬಿಡುತ್ತಾರೆ. ಡೆಸ್ಕ್‌ಟಾಪ್ ಇದ್ದರೆ ಒಳಗೆ ಕೂರುವ ದೊಡ್ಡ ಸಾಟಾ ಡ್ರೈವ್ ಒಳ್ಳೆಯದು. ಲ್ಯಾಪ್‌ಟಾಪಿಗೆ ಯುಎಸ್‌ಬಿಯ ತೆಳು ಡ್ರೈವ್ ಸಾಕು. ಪೆಟ್ಟಿಗೆಯ ಮೇಲಿನ 16ಎಕ್ಸ್ ನೋಡಿ ಮರುಳಾಗಬೇಕಿಲ್ಲ, ಡಿಸ್ಕಿಗೆ ಒಗ್ಗುವ ನಡುವಿನ ವೇಗದಲ್ಲಿ ಬರೆದರಾಯಿತು. ಅಳಿಸಿ ಮತ್ತೆ ಬರೆಯುವ ಆರ್‌ಡಬ್ಲ್ಯೂ ಡಿಸ್ಕು ಈ ಕೆಲಸಕ್ಕೆ ಬೇಡ. ಒಂದು ಗಂಟೆಯ ಮಿನಿ ಡಿವಿ ಟೇಪು ಸುಮಾರು 13 ಜಿಬಿ, 4.7 ಜಿಬಿಯ ಡಿಸ್ಕಿಗೆ ತುರುಕಬೇಕೆಂದರೆ ಎಂಪೆಗ್-2ಕ್ಕೆ ಹಿಂಡಬೇಕು, ಹಿಂಡಿದರೆ ವಿವರ ಹೋಗುತ್ತದೆ, ಮುಂದಿನ ಪ್ರತಿಗೆ ಆ ನಷ್ಟವೇ ಮೂಲವಾಗುತ್ತದೆ. ನೋಡಲೊಂದು ಹಿಂಡಿದ ಡಿವಿಡಿ ಮಾಡಿಕೊಂಡು, ಮೂಲ ಫೈಲನ್ನು ಮೂರು ಡಿಸ್ಕಿಗೆ ಹಂಚಿಯೋ ಹಾರ್ಡ್‌ಡಿಸ್ಕಿನಲ್ಲೋ ಹಾಗೇ ಇಡುವುದು ಸರಿ. ಎಂ-ಡಿಸ್ಕ್ ಬರೆಯಬಲ್ಲ ಬರ್ನರ್ ಸಿಕ್ಕರೆ ಕೊಳ್ಳಲು ಅಡ್ಡಿಯಿಲ್ಲ, ಆ ಸಾವಿರ ವರ್ಷವನ್ನು ನಂಬಿ ಕೂರಬಾರದಷ್ಟೆ.

ಕ್ಲೌಡಿಗೆ ಹಾಕಿದರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಯಶವಂತಪುರದ ಫ್ಲಾಟಿನಲ್ಲಿರುವ ಮಗ ಕೇಳಬಹುದು. ಅಲ್ಲೂ ಪ್ರತಿಯಿಂದ ಪ್ರತಿ ಆಗುತ್ತಲೇ ಇರುತ್ತದೆ, ಇನ್ನೊಬ್ಬರು ಮಾಡುತ್ತಾರೆ. ಕಂತು ಕಟ್ಟುವವರೆಗೆ, ಪಾಸ್‌ವರ್ಡ್ ಗೊತ್ತಿರುವವರು ಬದುಕಿರುವವರೆಗೆ. ಒಂದು ಪ್ರತಿ ಅಲ್ಲಿಯೂ ಇರಲಿ. ಆದರೆ ಅತ್ತಿಮಬ್ಬೆಯ ಲೆಕ್ಕದಲ್ಲಿ ಪ್ರತಿಗಳು ಬೇರೆ ಬೇರೆ ಜನರ ಕೈಯಲ್ಲಿರಬೇಕು: ಒಂದು ಯಲಹಂಕದ ಮಗಳ ಮನೆಯಲ್ಲಿ, ಒಂದು ಊರಿನ ತಮ್ಮನ ಬಳಿ, ಐದಾರು ವರ್ಷಕ್ಕೊಮ್ಮೆ ತೆಗೆದು ಓಡಿಸಿ, ತಡವರಿಸಿದರೆ ಹೊಸದಕ್ಕೆ ಬರೆಯುವ ಒಪ್ಪಂದದ ಮೇಲೆ. ಕವರಿನ ಮೇಲೆ ತಾರೀಖಿನ ಜೊತೆ ಯಾರು ಯಾರಿದ್ದಾರೆಂದೂ ಬರೆದಿರಬೇಕು. ಧಾರೆಯೆರೆಯುವಾಗ ಹಿಂದೆ ನಿಂತಿರುವ ಆ ಕೆಂಪು ರೇಷ್ಮೆಯವರು ಸೋದರತ್ತೆಯೋ ಪಕ್ಕದ ಮನೆಯವರೋ ಎಂದು ಹೇಳಬಲ್ಲವರು ಈಗಿನ್ನೂ ಇದ್ದಾರೆ. ಅದನ್ನು ಯಾವ ಬರ್ನರೂ ನಕಲು ಮಾಡಿಕೊಳ್ಳುವುದಿಲ್ಲ.