ಎಮ್ಮೆ ಸತ್ತರೆ ಕಂತು ಯಾರದು?

2009ರ ಆರಂಭದಲ್ಲಿ ಕೋಲಾರದ ಅಂಜುಮನ್ ಸಮಿತಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಕಟ್ಟಪ್ಪಣೆ ಮಾಡಿತು: ಮೈಕ್ರೋಫೈನಾನ್ಸ್ ಕಂಪನಿಗಳ ಸಹವಾಸ ಬೇಡ, ಕಂತನ್ನೂ ಕಟ್ಟಬೇಡಿ. ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆಯ ಊರುಗಳಿಗೂ ಅದು ಹಬ್ಬಿತು. ಬಡ್ಡಿ ಹರಾಮ್ ಎಂಬುದು ಕೊಟ್ಟ ಕಾರಣಗಳಲ್ಲೊಂದು. ರೇಷ್ಮೆಯ ದಂಧೆ ಬಿದ್ದಿತ್ತು, ಅನೇಕ ಮನೆಗಳಲ್ಲಿ ಒಂದರ ಮೇಲೊಂದು ಸಾಲ ಕೂತಿತ್ತು ಎಂಬುದೂ ಅಷ್ಟೇ ನಿಜ.

ಕಂತು ಭಾರವಾದಾಗಲೇ ಶಾಸ್ತ್ರ ನೆನಪಾಯಿತೆ ಎಂದು ನಗುವುದು ಸುಲಭ. ಆದರೆ ಆ ಶಾಸ್ತ್ರದ ತಕರಾರಿನಲ್ಲಿ ತೂಕವಿದೆ. ಸಾಲ ತಂದು ಎಮ್ಮೆ ಕೊಂಡವಳ ಎಮ್ಮೆ ಸತ್ತರೆ ಅವಳ ಹಾಲು ನಿಲ್ಲುತ್ತದೆ, ಕೊಟ್ಟವನ ಬಡ್ಡಿ ನಿಲ್ಲುವುದಿಲ್ಲ. ನಷ್ಟದಲ್ಲಿ ಪಾಲಿಲ್ಲದವನಿಗೆ ಲಾಭದಲ್ಲಿ ಹಕ್ಕೆಲ್ಲಿಯದು ಎಂದು ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು ಕೇಳುತ್ತ ಬಂದಿದ್ದಾರೆ. ಕೌಟಿಲ್ಯನ ದಾರಿ ಬೇರೆ: ಅವನು ಅಪಾಯಕ್ಕೆ ಬೆಲೆ ಕಟ್ಟಿದ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ, ವ್ಯಾಪಾರಕ್ಕೆ 5, ಕಾಡು ದಾಟುವವರಿಗೆ 10, ಕಡಲಿಗಿಳಿಯುವವರಿಗೆ 20. ಮನುಸ್ಮೃತಿ ಒಮ್ಮೆಗೆ ಎತ್ತುವ ಬಡ್ಡಿಗೆ ಮಿತಿ ಹಾಕಿತು. ಅದು ಅಸಲನ್ನು ಮೀರುವಂತಿಲ್ಲ. 'ದಾಮದುಪ್ಪಟ್' ಎಂಬ ಹೆಸರಿನಲ್ಲಿ ಈ ನಿಯಮ ಬ್ರಿಟಿಷರ ಕಾಲದ ಮುಂಬಯಿಯ ನ್ಯಾಯಾಲಯಗಳಲ್ಲೂ ಉಳಿದಿತ್ತು. (ಅದೇ ಮನು ವರ್ಣಕ್ಕೊಂದು ಬಡ್ಡಿದರ ಬರೆದ, ತಳದವನಿಗೆ ಹೆಚ್ಚು. ಅದನ್ನೂ ಮರೆಯುವಂತಿಲ್ಲ.)

ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಗ್ರಾಮದ 42 ಜನರಿಗೆ 27 ಡಾಲರಿನಷ್ಟು ಹಣ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಮುಸ್ಲಿಮರೇ ಬಹುಸಂಖ್ಯಾತರಾದ ನಾಡಿನಲ್ಲಿ ಅವರ ಗ್ರಾಮೀಣ ಬ್ಯಾಂಕ್ ಬಡ್ಡಿ ಪಡೆಯಿತು, ಮೌಲ್ವಿಗಳ ವಿರೋಧವನ್ನೂ ಎದುರಿಸಿತು. ಬ್ಯಾಂಕಿನ ಷೇರುಗಳಲ್ಲಿ ಬಹುಪಾಲು ಸಾಲ ಪಡೆದ ಹೆಂಗಸರದ್ದೇ, ಹಾಗಾಗಿ ಲಾಭ ಅವರ ಕೈಗೇ ಮರಳುತ್ತದೆ ಎಂಬುದು ಯೂನುಸ್ ಕೊಟ್ಟ ಉತ್ತರ. ಜಾಣ ಉತ್ತರವೇ. ಆದರೆ ಈ ಮಾದರಿಯ ಹಿಂದೆ ಹೊರಟವರೆಲ್ಲ ಒಡೆತನವನ್ನು ಹಂಚಲಿಲ್ಲ. ಮೆಕ್ಸಿಕೋದ ಕಂಪಾರ್ಟಮೋಸ್ 1990ರಲ್ಲಿ ಸೇವಾಸಂಸ್ಥೆಯಾಗಿ ಹುಟ್ಟಿ, 2007ರಲ್ಲಿ ಷೇರುಪೇಟೆಗೆ ಬಂತು. ಹಳೆಯ ಷೇರುದಾರರು ಮೂರನೇ ಒಂದು ಭಾಗದಷ್ಟನ್ನೂ ಮಾರದೆ 40 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿದರು. ಬಡ ಹೆಂಗಸರು ಕಟ್ಟುತ್ತಿದ್ದ ವಾರ್ಷಿಕ ಬಡ್ಡಿ ಶೇ. 80ಕ್ಕೂ ಮೇಲಿತ್ತು. ಇದು ಲೇವಾದೇವಿಯೇ ಹೊರತು ಬೇರೇನಲ್ಲ ಎಂದು ಯೂನುಸ್ ಸಿಡಿದರು. ಆಂಧ್ರದಲ್ಲಿ ಮೈಕ್ರೋಫೈನಾನ್ಸ್ ಕಂಪನಿ ಎಸ್‌ಕೆಎಸ್ 2010ರ ಆಗಸ್ಟ್‌ನಲ್ಲಿ ಷೇರು ಬಿಟ್ಟಿತು. ಸಾಲಗಾರರ ಆತ್ಮಹತ್ಯೆಯ ಸುದ್ದಿಗಳ ನಡುವೆ ಅಕ್ಟೋಬರಿನಲ್ಲಿ ಇಂಥ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ಬಂತು. ಕರ್ನಾಟಕಕ್ಕೆ ಅಂಥದೇ ಸುಗ್ರೀವಾಜ್ಞೆ ಬೇಕಾದದ್ದು 2025ರ ಫೆಬ್ರವರಿಯಲ್ಲಿ.

ಹಾಗಾದರೆ ಬಡ್ಡಿಯನ್ನೇ ತೆಗೆದುಹಾಕಿದರೆ? ಪಾಕಿಸ್ತಾನ 2028ರ ಜನವರಿ 1ರೊಳಗೆ ಸಾಧ್ಯವಾದಷ್ಟೂ ಅದನ್ನು ಮಾಡಬೇಕೆಂದು 2024ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೇ ಬರೆದುಕೊಂಡಿದೆ. ಇಸ್ಲಾಮಿ ಬ್ಯಾಂಕುಗಳ ನಿಜವಾದ ಆದರ್ಶ ಲಾಭ-ನಷ್ಟದ ಪಾಲುದಾರಿಕೆ. ಹೆಚ್ಚು ಬಳಕೆಯಲ್ಲಿರುವುದು ಮಾತ್ರ ಮುರಾಬಹ: ಬ್ಯಾಂಕು ಟ್ರ್ಯಾಕ್ಟರನ್ನು ತಾನೇ ಕೊಂಡು, ಲಾಭ ಸೇರಿಸಿ, ಕಂತಿನಲ್ಲಿ ಮಾರುತ್ತದೆ. ಶಾಸ್ತ್ರ ಒಪ್ಪುತ್ತದೆ, ಮಳೆ ಬಾರದ ವರ್ಷ ರೈತನ ಕಂತು ಮಾತ್ರ ಕದಲುವುದಿಲ್ಲ. ಬ್ಯಾಂಕನ್ನು ಪೂರ್ತಿ ಬೈಯುವುದೂ ನ್ಯಾಯವಲ್ಲ. ನಷ್ಟದಲ್ಲಿ ಪಾಲು ಬೇಕೆಂದರೆ ಸಾವಿರಾರು ಸಣ್ಣ ಅಂಗಡಿಗಳ ಲೆಕ್ಕಪುಸ್ತಕ ನೋಡಬೇಕು. ಆ ಖರ್ಚೇ ಸಾಲವನ್ನು ನುಂಗುತ್ತದೆ.

ಉತ್ತರ ಕೀನ್ಯಾದ ದನಗಾಹಿಗಳ ನಡುವೆ ನಡೆದ ಪ್ರಯೋಗ ಈ ಲೆಕ್ಕಪುಸ್ತಕದ ತೊಡಕನ್ನೇ ತಪ್ಪಿಸಲು ಹೊರಟಿತು. ಮಾರ್ಸಾಬಿಟ್‌ನಲ್ಲಿ 2010ರಲ್ಲಿ ಶುರುವಾದ ಜಾನುವಾರು ವಿಮೆ ಸತ್ತ ದನಗಳನ್ನು ಎಣಿಸುವುದಿಲ್ಲ. ಹುಲ್ಲುಗಾವಲಿನ ಹಸಿರನ್ನು ಉಪಗ್ರಹದಿಂದ ಅಳೆದು, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಣ ಕೊಡುತ್ತದೆ. ಮುಸ್ಲಿಮರೇ ಹೆಚ್ಚಿರುವ ವಜೀರ್‌ನಲ್ಲಿ 2013ರಲ್ಲಿ ಅದನ್ನೇ ಸದಸ್ಯರು ಚಂದಾ ಕೂಡಿಸಿ ಪರಸ್ಪರ ಆಗುವ 'ತಕಾಫುಲ್' ಆಗಿ ಬದಲಿಸಿದರು. ಇಲ್ಲಿ ಧರ್ಮದ ತಕರಾರು ಹಣಕಾಸನ್ನು ಬಾಗಿಲಾಚೆ ನಿಲ್ಲಿಸಲಿಲ್ಲ, ಅದರ ಆಕಾರ ತಿದ್ದಿತು. ಆದರೂ ಚಂದಾ ಅಗ್ಗವಲ್ಲ, ಸರ್ಕಾರ ಸಬ್ಸಿಡಿ ಕೊಡಬೇಕಾಯಿತು. ಸುತ್ತಲೂ ಹುಲ್ಲು ಹಸಿರಾಗಿದ್ದು, ರೋಗಕ್ಕೆ ದನ ಕಳೆದುಕೊಂಡವನಿಗೆ ಈ ವಿಮೆಯಿಂದ ಒಂದು ಶಿಲ್ಲಿಂಗೂ ಸಿಗುವುದಿಲ್ಲ.