ಯಾರ ಪರವಾಗಿ ಹಾಡಬೇಕು?

ಮಗ ಗಿಟಾರ್ ಹಿಡಿದು ಅಬ್ಬರಿಸಿ ಹಾಡತೊಡಗಿದರೆ, ‘ಈ ಗದ್ದಲದಿಂದ ಯಾರಿಗೆ ಪ್ರಯೋಜನ?’ ಎಂದು ನೀವು ಕೇಳುವಿರಲ್ಲವೇ? ಪ್ರಶ್ನೆ ನ್ಯಾಯವಾದುದೇ. ಮೈಸೂರಿನಲ್ಲಿ ಬೆಳೆದ ಗಾಯಕ ವಾಸು ದೀಕ್ಷಿತ್ ಅವರ ಹಾದಿಯಲ್ಲಿ ಅದಕ್ಕೊಂದು ಉತ್ತರವಿದೆ. 2002ರಲ್ಲಿ ಹುಟ್ಟಿದ ಅವರ ‘ಸ್ವರಾತ್ಮ’ ತಂಡ ಜಾನಪದ ಧಾಟಿಯನ್ನು ರಾಕ್ ಸಂಗೀತದೊಡನೆ ಬೆಸೆಯಿತು. 2009ರ ಮೊದಲ ಧ್ವನಿಮುದ್ರಿಕೆಯ ‘ಪ್ಯಾಸಿ’, ಅಂದರೆ ‘ಬಾಯಾರಿದವಳು’, ಕಾವೇರಿ ವಿವಾದವನ್ನು ಕುರಿತ ಹಾಡು. 2012ರ ‘ಟೋಪಿವಾಲೆ’ಯಲ್ಲಿನ ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕುರಿತದ್ದು.

ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದು ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಯ ಕಬಿನಿ ನಮ್ಮನ್ನು ಸಾಕಿದ ಹೊಳೆಗಳು. 2007ರಲ್ಲಿ ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಈ ನೀರನ್ನು ಟಿಎಂಸಿ ಲೆಕ್ಕದಲ್ಲಿ ಹಂಚಿದವು. ಪಾಲು ಕೇಳುವುದು ತಪ್ಪಲ್ಲ; ರೈತನ ಅನ್ನ ಅದರಲ್ಲಿದೆ. ಆದರೆ ಪಾಲಿಗಾಗಿ ಕೂಗುವ ಭರದಲ್ಲಿ, ಬತ್ತುತ್ತಿರುವ ಹೊಳೆಯ ದಾಹ ಎರಡೂ ದಡದವರಿಗೆ ಕೇಳಿಸದೆ ಹೋದೀತು. ಮಾತು ಬಾರದ ನದಿಗೂ, ಮನೆಯೊಳಗೇ ಬಾಯಿಬಿಡಲು ಹೆದರುವ ಮಗುವಿಗೂ ಯಾರಾದರೂ ದನಿಯಾಗಬೇಕು. ಅಂಥ ದನಿ ತುಸು ಜೋರಾದರೆ ಸಹಿಸಿಕೊಳ್ಳೋಣ.

ಆದುದರಿಂದ ಮಗನ ಗಿಟಾರನ್ನು ಕಸಿಯಬೇಡಿ. ‘ಯಾರ ಪರವಾಗಿ ಹಾಡುತ್ತಿರುವೆ?’ ಎಂದು ಕೇಳಿ. ಅವನು ಉತ್ತರಿಸುವವರೆಗೆ ಪಕ್ಕದಲ್ಲಿ ಕುಳಿತು ಆಲಿಸಿ.