ಕಟ್ಟಿಗೆಯ ರಾಶಿ ಮತ್ತು ಅಂದಾಜಿನ ಧರ್ಮ

ಅಳತೆಗೆ ಸಿಕ್ಕುವ ವಸ್ತುವಿನಲ್ಲಿ ನ್ಯಾಯವಾಗಿ ನಡೆದುಕೊಳ್ಳುವುದು ಬಹು ಕಷ್ಟವೇನೂ ಅಲ್ಲ. ಕೊಳಗ ತುಂಬಿದರೆ ತುಂಬಿತು, ತಕ್ಕಡಿಯ ಮುಳ್ಳು ನಿಂತರೆ ನಿಂತಿತು. ಅಲ್ಲಿ ಮೋಸಮಾಡುವವನು ತಾನು ಮೋಸಮಾಡುತ್ತಿರುವೆನೆಂಬುದನ್ನು ಬಲ್ಲನು. ಆದರೆ ಲೋಕವ್ಯವಹಾರದ ಬಹುಭಾಗವು ಅಂದಾಜಿನ ಮೇಲೆಯೇ ನಡೆಯತಕ್ಕದ್ದು. ಅಂದಾಜಿನಲ್ಲಿ ಹೆಚ್ಚುಕಡಮೆ ಸಹಜ. ಆ ಹೆಚ್ಚುಕಡಮೆ ಯಾರಿಗೆ ಸೇರಬೇಕು? ಮಾರುವವನಿಗೋ, ಕೊಳ್ಳುವವನಿಗೋ, ಕಡಿಯುವವನಿಗೋ? ಸುಳ್ಳಾಡದೆ, ತೂಕದ ಕಲ್ಲನ್ನು ಬದಲಿಸದೆ ಪರದ್ರವ್ಯವನ್ನು ಅಪಹರಿಸಬಹುದಾದ ಎಡೆಯೊಂದಿದ್ದರೆ ಅದು ಇದೇ. ಆದಕಾರಣ ಕಾಯಕಶುದ್ಧಿಯನ್ನು ಬಯಸುವ ಗೃಹಸ್ಥರು ಇದನ್ನು ವಿಚಾರಮಾಡಿ ನೋಡಬೇಕು.

ಇದಕ್ಕೆ ಉರುವಲು ಕಟ್ಟಿಗೆಯ ರಾಶಿಗಿಂತ ಒಳ್ಳೆಯ ನಿದರ್ಶನವಿಲ್ಲ. ಕಲಬುರ್ಗಿಯ ಮನೆಗಳಿಗೆ ಇಂದು ಅಡುಗೆ ಅನಿಲ ಬಂದಿದೆ. ಆದರೂ ಮದುವೆಯ ಚಪ್ಪರದ ಹಿಂದೆ, ಜಾತ್ರೆಯ ದಾಸೋಹದಲ್ಲಿ, ಕಮಲಾಪುರದ ಕಡೆಯ ಹಳ್ಳಿಗಳ ನೀರೊಲೆಗಳಲ್ಲಿ ಕಟ್ಟಿಗೆ ಇನ್ನೂ ಉರಿಯುತ್ತಿದೆ. ಹೊಲದ ಬದುವಿನ ಜಾಲಿ, ಬೇವು, ಕೊಯ್ಲು ಮುಗಿದ ಮೇಲಿನ ತೊಗರಿಕಟ್ಟಿಗೆ, ಎಲ್ಲೆಡೆ ಹಬ್ಬಿರುವ ಬಳ್ಳಾರಿಜಾಲಿ, ಇವೇ ಈ ಸೀಮೆಯ ಉರುವಲು.

ರಾಶಿಯ ಗಣಿತವನ್ನು ಮೊದಲು ನೋಡೋಣ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರವಾಗಿ ಪೇರಿಸಿದ ರಾಶಿಯು ೧೨೮ ಘನ ಅಡಿಯಾಗುತ್ತದೆ. ಆದರೆ ಇದೆಲ್ಲವೂ ಕಟ್ಟಿಗೆಯಲ್ಲ; ತುಂಡುತುಂಡುಗಳ ನಡುವೆ ಗಾಳಿಯಿದೆ. ನೆಟ್ಟಗಿನ ತುಂಡುಗಳನ್ನು ಒತ್ತಾಗಿ ಜೋಡಿಸಿ ನೂರಕ್ಕೆ ೬೫ ಪಾಲು ಕಟ್ಟಿಗೆ ನಿಂತಿತೆಂದರೆ ೮೩ ಘನ ಅಡಿ ದೊರೆಯಿತು. ಡೊಂಕು ತುಂಡುಗಳನ್ನು ಅಡ್ಡಾದಿಡ್ಡಿಯಾಗಿ ಪೇರಿಸಿ ೫೫ ಪಾಲು ಮಾತ್ರ ನಿಂತಿತೆಂದರೆ ೭೦ ಘನ ಅಡಿ. ಹೊರಗಿನ ಅಳತೆ ಎರಡಕ್ಕೂ ಒಂದೇ. ಒಳಗಿನ ಅಂತರ ೧೩ ಘನ ಅಡಿ. ಒಣಜಾಲಿಯಾದರೆ ಅದು ಎರಡು ಕ್ವಿಂಟಲಿಗೂ ಮಿಕ್ಕಿದ ತೂಕ. ಅಳತೆಯ ಕೋಲು ಸುಳ್ಳು ಹೇಳಲಿಲ್ಲ. ಕೊಂಡವನು ಮಾತ್ರ ಗಾಳಿಗೆ ಹಣ ಕೊಟ್ಟನು.

ಹಾಗಾದರೆ ತೂಗಿ ಕೊಳ್ಳೋಣವೆಂದರೆ ಅಲ್ಲಿ ನೀರು ಬಂದು ನಿಲ್ಲುತ್ತದೆ. ಆಗತಾನೆ ಕಡಿದ ಹಸಿಮರದ ನೂರು ಕಿಲೋದಲ್ಲಿ ೪೦ ಕಿಲೋ ನೀರಿರುವುದು ಅಪರೂಪವಲ್ಲ. ಅದು ಬಿಸಿಲುಗಾಳಿಗೆ ಒಣಗಿ, ತೂಕದಲ್ಲಿ ನೂರಕ್ಕೆ ೧೫ರಷ್ಟು ನೀರು ಉಳಿಯುವ ವೇಳೆಗೆ ಸುಮಾರು ೭೦ ಕಿಲೋ ಆಗಿರುತ್ತದೆ. ಹಸಿಯಾಗಿಯೇ ಒಲೆಗಿಟ್ಟರೆ ಒಳಗಿನ ನೀರನ್ನು ಆವಿಮಾಡುವುದರಲ್ಲಿಯೇ ಶಾಖದ ಒಂದು ಪಾಲು ಕಳೆದು, ಮನೆಯವರ ಕಣ್ಣಿಗೆ ಹೊಗೆ ಉಳಿಯುತ್ತದೆ. ಅಳತೆಯಲ್ಲಿ ಗಾಳಿ, ತೂಕದಲ್ಲಿ ನೀರು: ಪಂಚಭೂತಗಳಲ್ಲಿ ಎರಡು ವ್ಯಾಪಾರಿಯ ಪಕ್ಷವನ್ನೇ ವಹಿಸಿದಂತಾಯಿತು!

ಮರದ ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಹಳೆಯ ಲೆಕ್ಕವೊಂದುಂಟು. ದುಂಡಾದ ದಿಮ್ಮಿಯ ನಿಜವಾದ ಗಾತ್ರದಲ್ಲಿ ನೂರಕ್ಕೆ ೭೮ರಷ್ಟನ್ನು ಮಾತ್ರ ಈ ಲೆಕ್ಕ ತೋರಿಸುತ್ತದೆ. ಹಲಗೆ ಕೊಯ್ಯುವಾಗ ಹೊರಮೈ ವ್ಯರ್ಥವಾಗುವುದರಿಂದ ಕೊಳ್ಳುವವನಿಗೆ ಆ ರಿಯಾಯಿತಿ ನ್ಯಾಯವೇ. ಆದರೆ ಉರುವಲಿನಲ್ಲಿ ತೊಗಟೆಯೂ ಉರಿಯುತ್ತದೆ. ಅದೇ ಲೆಕ್ಕದಿಂದ ಬಡರೈತನ ಬದುವಿನ ಮರವನ್ನು ಉರುವಲಿಗೆಂದು ಅಳೆದರೆ ಐದನೆಯ ಒಂದು ಪಾಲಿಗೂ ಮಿಕ್ಕಿ ಅವನಿಗೆ ನಷ್ಟ. ಒಂದೆಡೆ ನ್ಯಾಯವಾದ ಸೂತ್ರವೇ ಮತ್ತೊಂದೆಡೆ ಅನ್ಯಾಯವಾಗುವುದನ್ನು ಇಲ್ಲಿ ಗಮನಿಸಬೇಕು. ಸೂತ್ರಕ್ಕೆ ಅಂತಃಸಾಕ್ಷಿಯಿಲ್ಲ, ಅದನ್ನು ಬಳಸುವವನಿಗೆ ಇರತಕ್ಕದ್ದು.

ಇನ್ನು ಕಡಿಯುವವನ ಮಾತು. ಹನ್ನೆರಡು ಅಡಿಯ ದಿಮ್ಮಿಯನ್ನು ಒಂದೂವರೆ ಅಡಿಯ ತುಂಡುಗಳನ್ನಾಗಿ ಮಾಡಿದರೆ ಎಂಟು ತುಂಡು, ಏಳು ಕೊಯ್ತ. "ಒಲೆ ಸಣ್ಣದು, ಇನ್ನೂ ಸಣ್ಣದಾಗಿ ಮಾಡಿಕೊಡು" ಎಂದು ಮನೆಯವನು ನುಡಿದು, ಮುಕ್ಕಾಲಡಿಯ ತುಂಡುಗಳನ್ನು ಕೇಳಿದನೆನ್ನೋಣ. ಹದಿನಾರು ತುಂಡು, ಹದಿನೈದು ಕೊಯ್ತ. ಶ್ರಮ ಇಮ್ಮಡಿಗೂ ಮಿಕ್ಕಿತು. ಗುತ್ತಿಗೆಯ ಕೂಲಿ ಇದ್ದಲ್ಲಿಯೇ ನಿಂತಿತು. ಅಂತೆಯೇ ಎಳೆ ನೆಟ್ಟಗಿರುವ ದಿಮ್ಮಿ ಬೆಣೆಯಿಟ್ಟು ಹೊಡೆದರೆ ಸೀಳುತ್ತದೆ. ಗಂಟುಳ್ಳ ಜಾಲಿಯಾದರೋ ಕೊಡಲಿಯನ್ನೇ ಕಚ್ಚಿ ಹಿಡಿಯುತ್ತದೆ. ರಾಶಿ ಒಂದೇ ಗಾತ್ರದ್ದೆಂದು ಕೂಲಿಯೂ ಒಂದೇ ಎನ್ನುವುದು ಲೆಕ್ಕಕ್ಕೆ ಸರಿ, ಧರ್ಮಕ್ಕೆ ಸರಿಯಲ್ಲ. ಗಂಟು ಹೊರಗೆ ಕಾಣದೆ ಇದ್ದುದು ಕಡಿಯುವವನ ಅಪರಾಧವೇನು?

ಈ ವಿಚಾರದಲ್ಲಿ ನಮಗೆ ದಾರಿ ತೋರತಕ್ಕ ಮಹನೀಯರು ದೂರದವರಲ್ಲ. ಕಲಬುರ್ಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗಿ ಅಲ್ಲಿಂದ ಮುಂದೆ ನಡೆದರೆ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕಟ್ಟಿಗೆ ಮಾರಿ ಜೀವಿಸಿದವರು ಮೋಳಿಗೆಯ ಮಾರಯ್ಯನವರು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಪತ್ನಿಯಾದ ಮಹಾದೇವಿಯಮ್ಮನವರೊಡನೆ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಅವರ ಮನೆಯ ಬಡತನವನ್ನು ಕೇಳಿದ ಬಸವಣ್ಣನವರು ಗುಟ್ಟಾಗಿ ಹೊನ್ನನ್ನು ಇಟ್ಟುಬಂದರೆಂದೂ, ಮಾರಯ್ಯನವರು ಅದನ್ನು ತಮಗೆ ಇಟ್ಟುಕೊಳ್ಳದೆ ಜಂಗಮರಿಗೆ ಸಲ್ಲಿಸಿಬಿಟ್ಟರೆಂದೂ ಕಥೆಯಿದೆ. ಬೆವರಿನ ಲೆಕ್ಕಕ್ಕೆ ಬಾರದ ಹೊನ್ನು ಅವರಿಗೆ ತಮ್ಮದೆನಿಸಲಿಲ್ಲ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಅದು ಕಳವಲ್ಲ, ನೆಲದ ಮೇಲೆ ಬಿದ್ದ ಅಕ್ಕಿ. ಆದರೂ ಲಕ್ಕಮ್ಮನವರು ನಿತ್ಯದ ಅಳತೆಗೆ ಮಿಕ್ಕಿದ್ದನ್ನು ಹಿಂದಕ್ಕೆ ಸುರಿದುಬರುವಂತೆ ಕಳುಹಿಸಿದರು. ಅಳತೆಗೋಲಿಲ್ಲದ ಆ ಕಾಯಕಕ್ಕೂ ಒಂದು ಅಳತೆಯಿತ್ತು. ಅದು ಆ ಮಹಾತಾಯಿಯ ಮನಸ್ಸಿನಲ್ಲಿತ್ತು.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. "ಅವರು ಮಹಾಶರಣರು, ನಾವು ಮಕ್ಕಳೊಂದಿಗರು. ಪ್ರತಿ ಅಂದಾಜಿನಲ್ಲಿಯೂ ನಾವೇ ಸೋಲುತ್ತ ಹೋದರೆ ಸಂಸಾರ ನಡೆಯುವುದು ಹೇಗೆ? ದಾಸೋಹವನ್ನಾದರೂ ಯಾವುದರಿಂದ ಮಾಡುವುದು?" ಆಕ್ಷೇಪ ಹಗುರವಾದುದಲ್ಲ. ಇದಕ್ಕೆ ಉತ್ತರವೇನೆಂದರೆ, ನ್ಯಾಯವೆಂದರೆ ಸೋಲುವುದಲ್ಲ. ಸಂದೇಹವನ್ನು ಪ್ರತಿ ಸಲವೂ ತನ್ನ ಕಡೆಗೇ ತೀರ್ಮಾನಿಸಿಕೊಳ್ಳದಿರುವುದು, ಇಷ್ಟೇ ನ್ಯಾಯ. ನಿಷ್ಕಪಟವಾದ ಅಂದಾಜು ಒಮ್ಮೆ ಈ ಕಡೆ ತಪ್ಪುತ್ತದೆ, ಒಮ್ಮೆ ಆ ಕಡೆ ತಪ್ಪುತ್ತದೆ. ಯಾವನ ಅಂದಾಜು ನೂರು ಸಲವೂ ಅವನ ಲಾಭದ ಕಡೆಗೇ ತಪ್ಪುವುದೋ ಅದು ಅಂದಾಜಲ್ಲ, ಅಪಹರಣ. ಇದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬಹುದಾದ ಒರೆಗಲ್ಲು.

ದಾಸೋಹದ ಮಾತೂ ಹೀಗೆಯೇ. ಕಲಬುರ್ಗಿಯ ಶರಣಬಸವೇಶ್ವರರು (೧೭೪೬–೧೮೨೨) ಒಕ್ಕಲುತನ ಮಾಡುತ್ತ, ಹೊಲಕ್ಕೆ ಬಂದ ಹಕ್ಕಿಗಳನ್ನೂ ಓಡಿಸದೆ ಉಣಿಸಿದರೆಂಬುದನ್ನು ಭಕ್ತರೆಲ್ಲರೂ ಬಲ್ಲರು. ಅವರು ಹಕ್ಕಿಗಳಿಗೆ ಬಿಟ್ಟುದು ತಮ್ಮ ಬೆಳೆಯನ್ನು, ಕೂಲಿಯವನ ಪಾಲನ್ನಲ್ಲ. ಅಂದಾಜಿನಲ್ಲಿ ಸಂದೇಹವಾಗಿ ಉಳಿದ ಪಾಲು, ತೀರ್ಮಾನವಾಗುವವರೆಗೆ, ನಮ್ಮದೇ ಅಲ್ಲ. ನಮ್ಮದಲ್ಲದ ಕಟ್ಟಿಗೆಯಿಂದ ಬೇಯಿಸಿದ ಅನ್ನವು ಪ್ರಸಾದವಾದೀತೆ?

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಹೆಚ್ಚು ಬಲ್ಲವನು ತಾನು ಬಲ್ಲುದನ್ನು ಬಾಯಿಬಿಟ್ಟು ಹೇಳಬೇಕು. ಕಟ್ಟಿಗೆ ಹಸಿಯೋ ಒಣದೋ, ಅಳೆದದ್ದು ಯಾವ ಲೆಕ್ಕದಿಂದ ಎಂಬುದು ಇಬ್ಬರಿಗೂ ತಿಳಿದಿರಲಿ. ಕಡಿಯುವವನೊಡನೆ ತುಂಡಿನ ಉದ್ದವನ್ನು ಕೊಡಲಿಯೆತ್ತುವ ಮೊದಲೇ ಗೊತ್ತುಮಾಡಲಿ. ನಡುವೆ ಕೆಲಸ ಹೆಚ್ಚಿತೆಂದರೆ, ಗಂಟು ಬಂತೆಂದರೆ, ಕೂಲಿಯನ್ನೂ ಹೆಚ್ಚಿಸಲಿ. ತೂಕದ ಹತ್ತು ಕಿಲೋ ವ್ಯತ್ಯಾಸವನ್ನು ಅಂಗಡಿಯವನು ಮರುದಿನ ಮರೆಯುತ್ತಾನೆ. ಕೂಲಿಯವನ ಮನೆಯಲ್ಲಿ ಅದು ರಾತ್ರಿಯ ಊಟ. ನಷ್ಟವನ್ನು ಹೊರಲಾರದವನ ತಲೆಯ ಮೇಲೆ ಸಂದೇಹದ ಹೊರೆಯನ್ನು ಹೊರಿಸಲಾಗದು.

ಮರದ ಪಕ್ಷದಲ್ಲಿ ಚೌಕಾಶಿ ಮಾಡುವವರು ಯಾರೂ ಇಲ್ಲವೆಂಬುದೂ ನೆನಪಿನಲ್ಲಿರಲಿ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಮರ ಕಡಿಯುವುದಕ್ಕೆ ಕಟ್ಟಳೆಗಳನ್ನು ವಿಧಿಸಿದೆ. ಆದರೆ ಕಾಯಿದೆ ನೋಡುವುದು ಬುಡವನ್ನು. ನಮ್ಮ ಅಗತ್ಯವನ್ನು ನೋಡಬೇಕಾದವರು ನಾವೇ. ರಾಶಿಯನ್ನು ಅಂದಾಜು ಮಾಡುವ ಮುನ್ನ ಒಲೆಯನ್ನು ಅಂದಾಜು ಮಾಡಬೇಕು. ಮದುವೆಗೆ ಎರಡು ಗಾಡಿ ಸಾಕಾಗುವಲ್ಲಿ ನಾಲ್ಕು ಗಾಡಿ ತರಿಸಿ ಮಳೆಗೆ ನೆನೆಯಬಿಡುವುದು ಶ್ರೀಮಂತಿಕೆಯಲ್ಲ.

ತಕ್ಕಡಿಯಿದ್ದಲ್ಲಿ ತಕ್ಕಡಿಯೇ ಸಾಕ್ಷಿ. ತಕ್ಕಡಿಯಿಲ್ಲದಲ್ಲಿ, ಕಣ್ಣಳತೆಯಿಂದ ತೀರ್ಮಾನಿಸುವಲ್ಲಿ, ಅಂಗೈಯಲ್ಲಿ ಲಿಂಗವನ್ನು ಹಿಡಿದವನಿಗೆ ಬೇರೆ ಸಾಕ್ಷಿ ಬೇಕೆ? ಪೂಜೆಯ ಹೊತ್ತಿನಲ್ಲಿ ಎದುರಿಗಿದ್ದ ಆ ಸಾಕ್ಷಿಯು ಕಟ್ಟಿಗೆಯ ಅಡ್ಡೆಯಲ್ಲಿಯೂ ಎದುರಿಗೇ ಇದೆಯೆಂದು ತಿಳಿದು ನಡೆಯುವವನ ಅಂದಾಜೇ ಧರ್ಮದ ಅಂದಾಜು.